ಮಾಲ್ಟಾ, ಒಂದು ದಿನ, ಡ್ರೈವರ್ ಸಮೇತ ಕಾರು

ವಯಸ್ಸಾದ ಅಪ್ಪ ಅಮ್ಮನ ಜೊತೆ ಯುರೋಪಿನ ಪುಟ್ಟ ದ್ವೀಪದೇಶ ಮಾಲ್ಟಾದಲ್ಲಿ ಒಂದು ದಿನ ಇರುತ್ತೀರಿ, ಡ್ರೈವರ್ ಸಮೇತ ಕಾರು ಮಾಡಿಕೊಂಡರೆ ಪಕ್ಕದ ಗೋಜೋ ದ್ವೀಪವನ್ನೂ ಸೇರಿಸಬಹುದಾ ಅಂತ ಕೇಳಿದ್ದೀರಿ. ಕಾರು ಮಾಡಿಕೊಳ್ಳಿ, ಗೋಜೋ ಬಿಡಿ. ಮಾಲ್ಟಾದ ಮುಖ್ಯ ದ್ವೀಪದ ಉದ್ದ ಸುಮಾರು 27 ಕಿ.ಮೀ. ಅಷ್ಟೇ, ಆದರೆ ಟ್ರಾಫಿಕ್ ನೋಡಿದರೆ ಬೆಂಗಳೂರು ನೆನಪಾಗುತ್ತದೆ. ಗೋಜೋಗೆ ಹೋಗುವ ಫೆರಿ 25 ನಿಮಿಷದ್ದೇ ಆದರೂ ಸರದಿಯಲ್ಲಿ ಕಾಯುವುದೇ ಜಾಸ್ತಿ. ಗೋಜೋದ ಆ ಫೇಮಸ್ ಕಲ್ಲಿನ ಕಮಾನು ನೋಡೋಣ ಅಂದರೆ, ಅದು 2017ರಲ್ಲೇ ಬಿರುಗಾಳಿಗೆ ಕುಸಿದು ಸಮುದ್ರ ಸೇರಿತು!

ಬೆಳಿಗ್ಗೆ ಮೀನುಗಾರರ ಊರು ಮಾರ್ಸಶ್ಲೋಕ್‌ನಿಂದ ಶುರು ಮಾಡಿ. ಭಾನುವಾರವಾದರೆ ಮೀನು ಸಂತೆ ಇರುತ್ತದೆ. ನೀಲಿ, ಹಳದಿ, ಕೆಂಪು ಬಣ್ಣದ ದೋಣಿಗಳ ಮೂತಿಗೆ ಎರಡೆರಡು ಕಣ್ಣು ಬಿಡಿಸಿರುತ್ತಾರೆ. ನಮ್ಮಲ್ಲಿ ಲಾರಿಗೆ ದೃಷ್ಟಿಬೊಂಬೆ ಕಟ್ಟುತ್ತಾರಲ್ಲ, ಹಾಗೇ ಕೆಟ್ಟದ್ದು ತಾಗದಿರಲಿ ಅಂತ. ಅಲ್ಲಿಂದ ಹಜರ್ ಇಮ್ ಕಲ್ಲಿನ ಗುಡಿಗಳು. ಈಜಿಪ್ಟಿನ ಪಿರಮಿಡ್‌ಗಿಂತ ಹಳೆಯವು. ಸಂಜೆಗೆ ಇಮ್ದಿನಾ ಕೋಟೆ ಊರು. ಒಳಗೆ ಕಾರು ಬಿಡುವುದಿಲ್ಲ, ಬಾಗಿಲಿನಿಂದ ನಡೆಯಬೇಕು. ಅಮ್ಮನಿಗೆ ಒಳ್ಳೆ ಶೂ ಇರಲಿ.

ಇನ್ನೊಂದು ವಿಷಯ. ಡ್ರೈವರ್ ಅಂದರೆ ಗೈಡ್ ಅಲ್ಲ. ಅಲ್ಲಿ ಗೈಡ್‌ಗೆ ಲೈಸೆನ್ಸ್ ಬೇಕು. ನಿಮ್ಮ ಡ್ರೈವರ್ ಗುಡಿಯೊಳಗೂ ಬರುತ್ತಾರಾ, ಪಾರ್ಕಿಂಗ್‌ನಲ್ಲೇ ಕಾಯುತ್ತಾರಾ ಅಂತ ದುಡ್ಡು ಕಟ್ಟುವ ಮೊದಲೇ ಕೇಳಿಕೊಳ್ಳಿ.