ಆಲಮಟ್ಟಿ ಹಿನ್ನೀರಿನಲ್ಲಿ ಸೀಪ್ಲೇನ್ (ನೀರಿನ ಮೇಲೆ ಇಳಿದು ಏರುವ ವಿಮಾನ) ಕೂಟ ನಡೆಸಬಹುದೇ? ನೀರು ಅಲುಗದೆ ನಿಂತಿದ್ದರೆ ಇಳಿಯುವುದು ಸುಲಭ ಅಲ್ಲವೇ?

ಸುಲಭವಲ್ಲ, ಕನ್ನಡಿಯಂಥ ನೀರೇ ಹೆಚ್ಚು ಮೋಸ ಮಾಡುವುದು. ಅಲೆಯಿಲ್ಲದಾಗ ನೀರಿನ ಮೇಲ್ಮೈ ಎಲ್ಲಿದೆ ಅಂತ ಕಣ್ಣಿಗೆ ತಿಳಿಯುವುದಿಲ್ಲ. ಪೈಲಟ್ ಬೇಗನೇ ಮೂತಿ ಎತ್ತಿದರೆ ವಿಮಾನ ಮೇಲಿಂದ ದೊಪ್ಪನೆ ಬೀಳುತ್ತದೆ, ಎತ್ತದಿದ್ದರೆ ಫ್ಲೋಟಿನ (ಚಕ್ರದ ಬದಲು ವಿಮಾನವನ್ನು ತೇಲಿಸುವ ದೋಣಿಯಾಕಾರದ ಭಾಗ) ಮುಂತುದಿ ನೀರಿಗೆ ಚುಚ್ಚಿ ಮಗುಚುತ್ತದೆ. ಅದಕ್ಕೇ ದಂಡೆಯ ಪಕ್ಕದಲ್ಲೇ ಹಾರಿ, ಮರಗಿಡ ನೋಡಿ ಎತ್ತರ ಅಂದಾಜಿಸುತ್ತಾರೆ. ಮೂತಿ ತುಸು ಮೇಲಿಟ್ಟು, ಎಂಜಿನ್ ಶಕ್ತಿ ಉಳಿಸಿಕೊಂಡು, ನಿಮಿಷಕ್ಕೆ ಸುಮಾರು 150 ಅಡಿಯಂತೆ ಇಳಿಯುತ್ತ, ನೀರು ತಾಗುವವರೆಗೆ ಏನನ್ನೂ ಬದಲಿಸದೆ ಕಾಯುವುದು. ಇದಕ್ಕೆ ಉದ್ದ ಜಾಗ ಬೇಕು. ಸಣ್ಣ ಗಾಳಿಯ ಅಲೆ ಇದ್ದರೆ ಇಷ್ಟು ಪಡಿಪಾಟಲಿಲ್ಲ.

ಅಮೆರಿಕದ ಮೇನ್ ರಾಜ್ಯದ ಗ್ರೀನ್‌ವಿಲ್‌ನಲ್ಲಿ, ಮೂಸ್‌ಹೆಡ್ ಸರೋವರದ ದಂಡೆಗೆ ಸೆಪ್ಟೆಂಬರ್‌ನಲ್ಲಿ ಸೀಪ್ಲೇನ್‌ನವರು ಸೇರುತ್ತಾರೆ. ಗುರುತಿಟ್ಟ ಜಾಗದಲ್ಲಿ ಇಳಿಯುವ ಸ್ಪರ್ಧೆಯೂ ಇರುತ್ತದೆ. ಅದು ನೈಸರ್ಗಿಕ ಸರೋವರ. ಆಲಮಟ್ಟಿಯ ಕಥೆ ಬೇರೆ: ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್, ಬೇಸಿಗೆಗೆ ಇಳಿಯುತ್ತ ಹೋಗುತ್ತದೆ. ಬಾಗಲಕೋಟೆ ಕಡೆ ಮುಳುಗಿದ್ದು ಊರು, ಹೊಲ. ನೀರಡಿಯ ಹಳೇ ಗೋಡೆ, ಮರದ ಬೊಡ್ಡೆ, ಮೇಲೆ ಮೀನಿನ ಬಲೆ, ಇವುಗಳಲ್ಲಿ ಒಂದು ತಾಗಿದರೂ ಫ್ಲೋಟ್ ಒಡೆಯಬಹುದು ಇಲ್ಲವೇ ಸಿಕ್ಕಿಕೊಳ್ಳಬಹುದು. ಕೂಟ ನಡೆಯುವ ವಾರದ ನೀರಿನಲ್ಲೇ ದೋಣಿಯಿಂದ ಆಳ ಅಳೆದು, ತೇಲುವ ಗುರುತುಗಳನ್ನು (ಬಾಯ್) ಕಟ್ಟಿ ದಾರಿ ಗುರುತಿಸಬೇಕು. ಅನುಮತಿಗಳ ಓಡಾಟ ಇದ್ದೇ ಇದೆ.

ಇನ್ನೊಂದು, ಸೀಪ್ಲೇನಿಗೆ ನೀರಲ್ಲಿ ಬ್ರೇಕ್ ಇಲ್ಲ. ಎಂಜಿನ್ ಹತ್ತಿಸಿದ ಕೂಡಲೇ ಮುಂದೆ ಸರಿಯುತ್ತದೆ. ಪ್ರೇಕ್ಷಕರ ದೋಣಿಗಳನ್ನು ಆ ಕಡೆ ಬಿಡಲೇಬಾರದು.