ಕೈಯಲ್ಲಿ ಜೋಡಿ ಎಂಟು, ಎದುರಿಗೆ ಐದು ಜನ

ಓದುಗರ ಪ್ರಶ್ನೆ, ನಮ್ಮ ಉತ್ತರ: ಲಿಮಿಟ್ ಹೋಲ್ಡ್‌ಎಮ್ (ಬೆಟ್‌ನ ಮೊತ್ತ ಮೊದಲೇ ನಿಗದಿಯಾದ ಪೋಕರ್)

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗೋಳಿನವು. ಏಳರಿಂದ ಹತ್ತರವರೆಗಿನ ಯಾವುದೋ ಜೋಡಿ ಕೈಗೆ ಬರುತ್ತದೆ, ಮೇಜಿನಲ್ಲಿ ಯಾರೂ ಎಲೆ ಕೆಳಗಿಡುವುದಿಲ್ಲ, ಕೊನೆಗೆ ಯಾರೋ ಒಬ್ಬ ಎಕ್ಕ-ಮೂರು ತೋರಿಸಿ ಪಾಟ್, ಅಂದರೆ ಮೇಜಿನ ಮೇಲೆ ಸೇರಿದ ಹಣ, ಬಾಚಿಕೊಳ್ಳುತ್ತಾನೆ. ಉತ್ತರಗಳಲ್ಲಿ ಲೆಕ್ಕಕ್ಕೆ ಹಿಡಿದಿರುವುದು 4-8 ಡಾಲರ್ ಮೇಜು: ಎಲ್ಲರ ಕೈಗೂ ಎರಡೆರಡು ಎಲೆ ಮುಚ್ಚಿ ಬಂದ ಮೊದಲ ಸುತ್ತು ಮತ್ತು ಎಲ್ಲರಿಗೂ ಸೇರಿದ ಮೂರೆಲೆ ಬಿಚ್ಚುವ ಫ್ಲಾಪ್‌ನಲ್ಲಿ ಬೆಟ್ (ಪಣ) 4 ಡಾಲರ್, ಅದು ಸಣ್ಣ ಬೆಟ್; ನಾಲ್ಕನೆಯ ಎಲೆ ಬೀಳುವ ಟರ್ನ್ ಮತ್ತು ಐದನೆಯದು ಬೀಳುವ ರಿವರ್‌ನಲ್ಲಿ 8, ಅದು ದೊಡ್ಡ ಬೆಟ್. ಚೆಕ್ ಎಂದರೆ ಬೆಟ್ ಮಾಡದೆ ಸರದಿ ದಾಟಿಸುವುದು, ಕಾಲ್ ಎಂದರೆ ಎದುರಾಳಿಯ ಬೆಟ್‌ಗೆ ಸಮ ಹಾಕುವುದು, ರೇಸ್ ಎಂದರೆ ಅದನ್ನು ಇನ್ನೊಂದು ಬೆಟ್ ಏರಿಸುವುದು, ಫೋಲ್ಡ್ ಎಂದರೆ ಎಲೆ ಕೆಳಗಿಡುವುದು.

ಪ್ರಶ್ನೆ: ನಾನು ಆಡುವ ಕಾರ್ಡ್ ರೂಮಿನಲ್ಲಿ ಪ್ರತಿ ಕೈಗೂ ಐದಾರು ಜನ ಫ್ಲಾಪ್ ನೋಡುತ್ತಾರೆ. ಜೋಡಿ ಏಳು, ಜೋಡಿ ಎಂಟು ಬಂದಾಗ ರೇಸ್ ಮಾಡಿ ಜನರನ್ನು ಓಡಿಸಲೇ, ಸುಮ್ಮನೆ ಕಾಲ್ ಮಾಡಲೇ? – ಸ್ಯಾನ್ ಹೋಸೆಯಿಂದ

ಉತ್ತರ: ಅವರು ಓಡುವ ಜನವಾಗಿದ್ದರೆ ನೀವು ಈ ಪತ್ರ ಬರೆಯುತ್ತಲೇ ಇರಲಿಲ್ಲ. 4 ಡಾಲರಿಗೆ ಕೂರುವವನು 8ಕ್ಕೂ ಕೂರುತ್ತಾನೆ. ಹಾಗಾಗಿ ಇಂಥ ಮೇಜಿನಲ್ಲಿ ಜೋಡಿ ಏಳು-ಎಂಟನ್ನು ಗೆದ್ದ ಕೈ ಎಂದುಕೊಳ್ಳಬೇಡಿ. ಅದೇ ಅಂಕಿಯ ಮೂರನೆಯ ಎಲೆಗೆ, ಅಂದರೆ ಸೆಟ್‌ಗೆ, ಕಾಯುವ ಕೈ ಎಂದುಕೊಳ್ಳಿ. ಕಾಯುವುದಕ್ಕೆ ಕೊಡುವ ಬೆಲೆ ಸರಿಯೇ ಎಂಬುದಷ್ಟೇ ಪ್ರಶ್ನೆ.

17 ಸಲ ಜೋಡಿ ಹಿಡಿದು ಫ್ಲಾಪ್ ನೋಡಿದರೆ ಸರಾಸರಿ 2 ಸಲ ಸೆಟ್ ಆಗುತ್ತದೆ, 15 ಸಲ ಆಗುವುದಿಲ್ಲ. ಆ 15 ಸಲವೂ 4 ಡಾಲರ್ ಕೈಬಿಟ್ಟಿತು ಎಂದಿಟ್ಟುಕೊಳ್ಳಿ: 60 ಹೋಯಿತು. ಅದನ್ನು ಎರಡು ಸೆಟ್‌ಗಳು ದುಡಿದು ತರಬೇಕು, ತಲಾ 30. ಎದುರಿಗೆ ಐವರಿದ್ದರೆ ಅವರು ಹಾಕಿದ 20 ಆಗಲೇ ಮೇಜಿನ ಮೇಲಿದೆ. ಬಾಕಿ 10 ಡಾಲರ್, ಒಂದು ದೊಡ್ಡ ಬೆಟ್‌ಗಿಂತ ಚೂರು ಜಾಸ್ತಿ; ಸಡಿಲ ಕೈಯವರಿಂದ ಅದು ತಾನಾಗಿ ಬರುತ್ತದೆ, ಸೆಟ್ ಸೋಲುವ ದಿನಗಳ ನಷ್ಟಕ್ಕೂ ಸ್ವಲ್ಪ ಮಿಗುತ್ತದೆ. ಎದುರಿಗೆ ಇಬ್ಬರೇ ಇದ್ದರೆ ಮೇಜಿನ ಮೇಲಿರುವುದು 8. ಇನ್ನೂ 22 ಹುಟ್ಟಬೇಕು. ನಿಮಗಿಂತ ಮೊದಲೇ ಯಾರೋ ರೇಸ್ ಮಾಡಿ ಬೆಲೆ 8 ಆಗಿದ್ದರೆ ಪ್ರತಿ ಸೆಟ್ 60 ತರಬೇಕು. ಐವರಿದ್ದರೆ 40 ಬಂದಿದೆ, 20 ಬಾಕಿ, ನಡೆಯುತ್ತದೆ. ಇಬ್ಬರಿದ್ದರೆ 44 ಬಾಕಿ, ಅಂದರೆ ಐದೂವರೆ ದೊಡ್ಡ ಬೆಟ್. ಅದು ಆಗದ ಮಾತು. ಇದರ ಮೇಲೆ ಹಲವು ಕಡೆ ಪ್ರತಿ ಪಾಟ್‌ನಿಂದ ನಾಲ್ಕೈದು ಡಾಲರ್ ಕಾರ್ಡ್ ರೂಮಿನವರ ಪಾಲಿಗೆ ಹೋಗುತ್ತದೆ, ಅದನ್ನೂ ಕಳೆಯಿರಿ.

ಜೋಡಿ ಹತ್ತು ಬೇರೆ ಮಾತು. ಆರು ಜನರಲ್ಲಿ ಪಾಟ್‌ಗೆ ನೀವು ಹಾಕುವ ಪಾಲು ನೂರಕ್ಕೆ 17ಕ್ಕಿಂತ ಕಡಿಮೆ. ಜೋಡಿ ಹತ್ತು ಅದಕ್ಕಿಂತ ಚೆನ್ನಾಗಿಯೇ ಹೆಚ್ಚು ಗೆಲ್ಲುತ್ತದೆ. ಯಾರೂ ಎದ್ದುಹೋಗದಿದ್ದರೂ ರೇಸ್ ಮಾಡಿ.

ಇನ್ನೊಂದು ಸಂದರ್ಭವನ್ನು ಮರೆಯಬೇಡಿ. ಕಂಡಕಂಡ ಎಲೆಗೆಲ್ಲ ರೇಸ್ ಮಾಡುವವನೊಬ್ಬ ರೇಸ್ ಮಾಡಿದ್ದಾನೆ, ಉಳಿದವರು ನಿಮ್ಮ ನಂತರ ಆಡಬೇಕು. ಆಗ ಜೋಡಿ ಒಂಬತ್ತು, ಹತ್ತು ಹಿಡಿದು ಕಾಲ್ ಮಾಡುವುದೇ ತಪ್ಪು. ಮತ್ತೆ ರೇಸ್ ಮಾಡಿ, ಮೂರು ಬೆಟ್ ಆಗಲಿ. ಆ ಬೆಲೆಗೆ ಸಡಿಲರೂ ಕೆಲವೊಮ್ಮೆ ಎದ್ದುಹೋಗುತ್ತಾರೆ. ಒಬ್ಬನೇ ಎದುರಿಗೆ ಉಳಿದರೆ ನಿಮ್ಮ ಜೋಡಿ ಕಾಯುವ ಕೈಯಲ್ಲ, ಆಗಲೇ ಮುಂದಿರುವ ಕೈ. ಯಾವುದೋ ಎರಡೆಲೆಯ ಎದುರು ಜೋಡಿ ಎಂಟು ಕೂಡ ನೂರಕ್ಕೆ 69 ಸಲ ಗೆಲ್ಲುತ್ತದೆ. ಎಕ್ಕ-ರಾಜರ ಎದುರೂ 55ರ ಹತ್ತಿರ. ತೊಂದರೆ ಕೊಡುವುದು ನಡುವಿನ ಸಂಖ್ಯೆ. ಇಬ್ಬರು ಮೂವರು ಎದುರಾಳಿಗಳಿದ್ದರೆ ಸೆಟ್‌ಗೆ ಬೆಲೆ ಸಾಲದು, ಬರೀ ಜೋಡಿ ನಿಲ್ಲುವುದೂ ಕಷ್ಟ.

ಪ್ರಶ್ನೆ: ಜೋಡಿ ಒಂಬತ್ತು. ಫ್ಲಾಪ್‌ನಲ್ಲಿ ರಾಣಿ, ಆರು, ಮೂರು. ಫೋಲ್ಡ್ ಮಾಡಿದರೆ ಗೆಲ್ಲುವ ಕೈ ಬಿಟ್ಟೆ ಎನಿಸುತ್ತದೆ, ಮಾಡದಿದ್ದರೆ ರಿವರ್‌ವರೆಗೂ ದುಡ್ಡು ಸುರಿಯುತ್ತೇನೆ. – ಸಿಯಾಟಲ್‌ನಿಂದ

ಉತ್ತರ: ಮೊದಲಿಗೆ ಸಮಾಧಾನ: ಮೇಲಿನ ಎಲೆ ಬೀಳುವುದು ಅಪಶಕುನವಲ್ಲ, ದಿನನಿತ್ಯದ ಸಂಗತಿ. ಜೋಡಿ ಹತ್ತು ಇದ್ದಾಗ ನೂರರಲ್ಲಿ 69 ಫ್ಲಾಪ್‌ಗಳಲ್ಲಿ ಅದಕ್ಕಿಂತ ದೊಡ್ಡ ಎಲೆ ಒಂದಾದರೂ ಇರುತ್ತದೆ. ಒಂಬತ್ತಕ್ಕೆ 79, ಎಂಟಕ್ಕೆ 87, ಏಳಕ್ಕೆ 92.

ಎದುರಿಗೆ ನಾಲ್ವರು, ಒಬ್ಬ ಬೆಟ್ ಮಾಡಿದ, ನಿಮ್ಮ ಹಿಂದೆ ಇನ್ನೂ ಆಡುವವರಿದ್ದಾರೆ ಎಂದರೆ ಫೋಲ್ಡ್. ನಿಮಗೆ ಸಹಾಯ ಮಾಡುವ ಎಲೆ ಎರಡೇ. ಕಾಣದ 47ರಲ್ಲಿ ಎರಡು, ಅಂದರೆ 22.5ಕ್ಕೆ 1: ನೀವು ಕೊಡುವ ಒಂದು ಬೆಟ್‌ಗೆ ಪಾಟ್‌ನಲ್ಲಿ 22.5 ಬೆಟ್ ಇರಬೇಕು. ಸಾಮಾನ್ಯ ಪಾಟ್‌ನಲ್ಲಿ ಆರೋ ಏಳೋ ಸಣ್ಣ ಬೆಟ್ ಇರುತ್ತದೆ, ಎಲ್ಲಿಗೆ ಸಾಕು? ಇದಕ್ಕೆ ಅಪವಾದ ಮೊದಲ ಸುತ್ತಿನಲ್ಲೇ ಐವರೂ ನಾಲ್ಕು ನಾಲ್ಕು ಬೆಟ್ ಹಾಕಿದ ಪಾಟ್: 20 ಸಣ್ಣ ಬೆಟ್ ಆಗಲೇ ಇದೆ. ಫ್ಲಾಪ್‌ನ ಒಂದು ಬೆಟ್‌ಗೆ ನಿಮ್ಮದೇ ಕೊನೆಯ ಸರದಿಯಾದರೆ ಕೊಟ್ಟು ಟರ್ನ್ ನೋಡಿ. ಟರ್ನ್‌ನಲ್ಲಿ ಬರಲಿಲ್ಲವೋ, ಬಿಡಿ.

ಬಿದ್ದದ್ದು ಎಕ್ಕವಾದರೆ ಇನ್ನೂ ಬೇಗ ಬಿಡಿ. ಫ್ಲಾಪ್‌ನಲ್ಲಿ ಒಂದು ಎಕ್ಕ ಇದ್ದು, ನಾಲ್ವರು ಕಣ್ಣುಮುಚ್ಚಿ ಯಾವುದೋ ಎಲೆ ಹಿಡಿದಿದ್ದಾರೆ ಎಂದುಕೊಂಡರೂ ಅವರಲ್ಲಿ ಒಬ್ಬನ ಬಳಿಯಾದರೂ ಎಕ್ಕ ಇರುವ ಸಾಧ್ಯತೆ ನೂರಕ್ಕೆ 44. ಸಡಿಲ ಆಟಗಾರ ಗುಲಾಮ-ಮೂರನ್ನು ಎಂದಾದರೂ ಬಿಟ್ಟಾನು, ಎಕ್ಕ-ಮೂರನ್ನು ಬಿಡುವವನಲ್ಲ. ಹಾಗಾಗಿ ನಿಜವಾದ ಅಂಕಿ ಅದಕ್ಕಿಂತ ಮೇಲೆ.

ಎದುರಿಗೆ ಒಬ್ಬನೇ ಇದ್ದಾಗ ಲೆಕ್ಕ ತಿರುಗಿಬೀಳುತ್ತದೆ. ನೀವು ಮೂರು ಬೆಟ್ ಮಾಡಿ ಅವನನ್ನು ಒಂಟಿಯಾಗಿಸಿದ್ದೀರಿ: ಇಬ್ಬರ ಆರು ಬೆಟ್, ಬ್ಲೈಂಡ್‌ಗಳ (ಎಲೆ ನೋಡುವ ಮುನ್ನವೇ ಇಬ್ಬರು ಕಡ್ಡಾಯವಾಗಿ ಹಾಕುವ ಪಣ) ಒಂದೂವರೆ, ಒಟ್ಟು 7.5 ಸಣ್ಣ ಬೆಟ್. ಅವನು ಫ್ಲಾಪ್, ಟರ್ನ್, ರಿವರ್ ಮೂರರಲ್ಲೂ ಬೆಟ್ ಮಾಡಿ, ನೀವು ಬರೀ ಕಾಲ್ ಮಾಡುತ್ತಾ ಹೋದರೂ ನಿಮಗೆ ತಗಲುವುದು 1, 2, 2, ಒಟ್ಟು 5. ಗೆದ್ದರೆ ಬರುವುದು 12.5. ನೂರರಲ್ಲಿ 29 ಸಲ ಗೆದ್ದರೆ ನಷ್ಟವಿಲ್ಲ. ಪುಂಡ ಆಟಗಾರ ಜೋಡಿಯಿಲ್ಲದ ಬರೀ ಎಕ್ಕದಿಂದ, ಜೋಡಿ ಆರಿನಿಂದ, ಏನೂ ಇಲ್ಲದೆಯೂ ಬೆಟ್ ಮಾಡುತ್ತಾನಲ್ಲ, ಆ 29 ಸುಲಭ. ಅವನು ಚೆಕ್ ಮಾಡಿದರೆ ನೀವೇ ಬೆಟ್ ಮಾಡಿ, ಪುಕ್ಕಟೆ ಎಲೆ ಕೊಡಬೇಡಿ.

ಆದರೆ ‘ಸಡಿಲ’ ಎಂಬ ಒಂದೇ ಹೆಸರಿನಲ್ಲಿ ಎರಡು ಜಾತಿಯವರಿದ್ದಾರೆ. ಎಲ್ಲಕ್ಕೂ ರೇಸ್ ಮಾಡುವವನು ಒಬ್ಬ, ಎಲ್ಲಕ್ಕೂ ಬರೀ ಕಾಲ್ ಮಾಡುವವನು ಇನ್ನೊಬ್ಬ. ಎರಡನೆಯವನು ಟರ್ನ್‌ನಲ್ಲಿ ಎಚ್ಚೆತ್ತು ರೇಸ್ ಮಾಡಿದ ಎಂದರೆ ಅವನ ಬಳಿ ಎರಡು ಜೋಡಿಯೋ ಅದಕ್ಕಿಂತ ದೊಡ್ಡದೋ ಇದೆ. ಅಲ್ಲಿ ಶೌರ್ಯ ಬೇಡ.

ಪ್ರಶ್ನೆ: ಬಿಗ್ ಬ್ಲೈಂಡ್‌ನಲ್ಲಿ, ಅಂದರೆ ದೊಡ್ಡ ಕಡ್ಡಾಯ ಪಣ ಹಾಕುವ ಜಾಗದಲ್ಲಿ, ಜೋಡಿ ಒಂಬತ್ತು, ಫ್ಲಾಪ್ ಏಳು-ನಾಲ್ಕು-ಎರಡು. ನಾನೇ ಮೇಲಿದ್ದೇನೆಂದು ಬೆಟ್ ಮಾಡಿದೆ, ಐವರೂ ಕಾಲ್ ಮಾಡಿದರು, ಟರ್ನ್‌ನಲ್ಲಿ ರಾಜ ಬಿದ್ದು ಕತೆ ಮುಗಿಯಿತು. ಏನು ಮಾಡಬೇಕಿತ್ತು? – ಫ್ರೀಮಾಂಟ್‌ನಿಂದ

ಉತ್ತರ: ಬೆಟ್ ಯಾರ ಕೈಯಿಂದ ಹೊರಡಬೇಕು ಎಂದು ಮೊದಲು ನೋಡಬೇಕಿತ್ತು. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಯಾರೂ ತಾವೆಲ್ಲಿ ಕೂತಿದ್ದೆವು, ಎದುರಾಳಿ ಎಲ್ಲಿ ಕೂತಿದ್ದ ಎಂದು ಬರೆಯುವುದೇ ಇಲ್ಲ. ಉತ್ತರವೆಲ್ಲ ಅದರಲ್ಲೇ ಇರುತ್ತದೆ.

ಆರು ಜನ ಒಂದೊಂದು ಬೆಟ್ ಹಾಕಿದ್ದಾರೆ, ಪಾಟ್ 6. ನೀವು ಬೆಟ್ ಮಾಡಿದಾಗ 7 ಆಯಿತು. ಪಕ್ಕದಲ್ಲಿ ರಾಜ-ರಾಣಿ ಹಿಡಿದು ಕೂತವನಿಗೆ ನಿಮ್ಮನ್ನು ಮೀರಿಸುವ ಎಲೆಗಳು ಆರು. ಅವನಿಗೆ ಬೇಕಾದ ದರ 6.8ಕ್ಕೆ 1, ಸಿಕ್ಕಿದ್ದು 7ಕ್ಕೆ 1. ಅವನ ಕಾಲ್ ತಪ್ಪೇ ಅಲ್ಲ. ಅದೇ ಅವನ ಮುಂದೆ ಎರಡು ಬೆಟ್ ಇಟ್ಟರೆ? ಪಾಟ್ 6, ಒಬ್ಬನ ಬೆಟ್ 1, ರೇಸ್ 2, ಒಟ್ಟು 9. ಅವನು ಕೊಡಬೇಕಾದ್ದು 2. ದರ 4.5ಕ್ಕೆ ಇಳಿಯಿತು. ಈಗ ಕಾಲ್ ಮಾಡಿದರೆ ಅವನ ನಷ್ಟ, ಬಿಟ್ಟರೆ ನಿಮಗೆ ಲಾಭ.

ಬೆಟ್ ಮಾಡುವ ಚಪಲದವನು ಬಟನ್‌ನಲ್ಲಿ, ಅಂದರೆ ಕೊನೆಯ ಸರದಿಯ ಜಾಗದಲ್ಲಿ, ಇದ್ದರೆ ನೀವು ಚೆಕ್ ಮಾಡಿ. ಎಲ್ಲರೂ ಚೆಕ್ ಮಾಡುತ್ತಾರೆ, ಅವನು ಬೆಟ್ ಮಾಡುತ್ತಾನೆ, ಸರದಿ ನಿಮಗೆ ಬರುತ್ತದೆ, ರೇಸ್ ಮಾಡಿ. ನಡುವಿನ ನಾಲ್ವರಿಗೂ ಎರಡು ಬೆಟ್ ಒಟ್ಟಿಗೆ ಎದುರಾಗುತ್ತದೆ. ಅವನು ನಿಮ್ಮ ಎಡಕ್ಕೇ ಅಂಟಿ ಕೂತಿದ್ದರೆ ಇದು ಕೆಲಸ ಮಾಡದು: ನಿಮ್ಮ ಸರದಿ ಬರುವಷ್ಟರಲ್ಲಿ ಎಲ್ಲರೂ ಒಂದು ಬೆಟ್ ಹಾಕಿರುತ್ತಾರೆ, ಇನ್ನೊಂದನ್ನೂ ಹಾಕುತ್ತಾರೆ. ಆಗ ನೀವೇ ಬೆಟ್ ಮಾಡಿ, ರೇಸ್ ಅವನು ಮಾಡಲಿ. ಬೇಲಿ ಹಾಕುವ ಕೆಲಸ ಅವನದಾಗುತ್ತದೆ.

ಮೊದಲ ಸುತ್ತಿನಲ್ಲೇ ರೇಸ್ ಆಗಿ ಪಾಟ್ 12 ಆಗಿದ್ದರೆ ಫ್ಲಾಪ್‌ನಲ್ಲಿ ಈ ಉಪಾಯ ಫಲಿಸದು. 12, 1, 2 ಸೇರಿ 15. ಎರಡಕ್ಕೆ ಹದಿನೈದು ಎಂದರೆ 7.5ಕ್ಕೆ 1, ರಾಜ-ರಾಣಿಯವನು ನಗುನಗುತ್ತಾ ಕೂರುತ್ತಾನೆ. ಜೋಡಿ ಎಂಟಕ್ಕೆ ಆರು ಜನರ ನಡುವೆ ರೇಸ್ ಮಾಡುವ ಮುನ್ನ ಎರಡು ಸಲ ಯೋಚಿಸಿ ಎನ್ನುವುದು ಇದಕ್ಕೇ. ಅಂಥ ಪಾಟ್‌ನಲ್ಲಿ ಫ್ಲಾಪ್‌ಗೆ ಒಂದೇ ಬೆಟ್ ಹೋಗಲಿ. ಪಾಟ್ 18 ಸಣ್ಣ, ಅಂದರೆ 9 ದೊಡ್ಡ ಬೆಟ್. ಟರ್ನ್‌ನಲ್ಲಿ ನಿರುಪದ್ರವಿ ಎಲೆ ಬಿದ್ದರೆ, ಯಾರೋ ಬೆಟ್ ಮಾಡಿದ ಮೇಲೆ ಆಗ ರೇಸ್ ಮಾಡಿ: 12 ದೊಡ್ಡ ಬೆಟ್‌ಗೆ ಅವನು 2 ಕೊಡಬೇಕು, 6ಕ್ಕೆ 1. ಬೇಕಾದ್ದು 6.7.

ಒಂದೇ ಜಾತಿಯ (ಎಲ್ಲವೂ ಆಟೀನು, ಹೀಗೆ) ನಾಲ್ಕೆಲೆ ಹಿಡಿದು ಐದನೆಯದಕ್ಕೆ, ಅಂದರೆ ಫ್ಲಶ್‌ಗೆ, ಕಾಯುವವನನ್ನು ಮಾತ್ರ ಯಾವ ಬೇಲಿಯೂ ತಡೆಯದು, ಆ ಪ್ರಯತ್ನ ಬಿಡಿ.

ಪ್ರಶ್ನೆ: ಫ್ಲಾಪ್: ಆಟೀನು ರಾಜ, ಆಟೀನು ಎಂಟು, ಕ್ಲಾವರ್ ಐದು. ನನ್ನದು ಎಂಟರ ಸೆಟ್. ಟರ್ನ್‌ನಲ್ಲಿ ಮೂರನೆಯ ಆಟೀನು ಬಿದ್ದು ಇಬ್ಬರು ರೇಸ್ ಮಾಡಿದರು, ಫೋಲ್ಡ್ ಮಾಡಿದೆ. ಸರಿಯೇ? – ಡಲ್ಲಾಸ್‌ನಿಂದ

ಉತ್ತರ: ಸರಿಯಲ್ಲ. ಇಬ್ಬರಿಗೂ ಫ್ಲಶ್ ಆಗಿದೆಯೆಂದೇ ಇರಲಿ. ಮೇಜಿನ ಮೇಲೆ ಬೇರೆ ಬೇರೆ ನಾಲ್ಕು ಎಲೆಗಳಿವೆ. ಉಳಿದೊಂದು ಎಂಟು, ರಾಜ-ಐದು-ಟರ್ನ್ ಎಲೆಯ ತಲಾ ಮೂರು, ಒಟ್ಟು ಹತ್ತು ಎಲೆ ನಿಮ್ಮನ್ನು ಫ್ಲಶ್ ಮೀರಿಸುವ ಫುಲ್‌ಹೌಸ್ (ಒಂದೇ ಅಂಕಿಯ ಮೂರು, ಇನ್ನೊಂದರ ಎರಡು) ಅಥವಾ ಅದಕ್ಕೂ ಮೇಲೆ ಒಯ್ಯುತ್ತವೆ. 36ಕ್ಕೆ 10, ಅಂದರೆ 3.6ಕ್ಕೆ 1. ಐವರು ಸೇರಿ ಬೆಳೆಸಿದ ಲಿಮಿಟ್ ಪಾಟ್ ಅದಕ್ಕಿಂತ ಹೆಚ್ಚೇ ಕೊಡುತ್ತದೆ. ಬದಲಿಗೆ ಫ್ಲಾಪ್‌ನಲ್ಲಿ ಏನು ಮಾಡಿದಿರಿ ಎಂದು ನೀವು ಬರೆದಿಲ್ಲ. ಬಲೆ ಬೀಸಲೆಂದು ಚೆಕ್ ಮಾಡಿದ್ದರೆ ತಪ್ಪು ಅಲ್ಲಿದೆ. ಫ್ಲಶ್‌ಗೆ ಕಾಯುವವನಿಗೆ ರಿವರ್‌ನೊಳಗೆ ಅದು ಬರುವುದು ನೂರಕ್ಕೆ 35. ಆ ಉಳಿದ 65ಕ್ಕೆ ಅವನಿಂದ ಫ್ಲಾಪ್‌ನಲ್ಲೇ ವಸೂಲಿ ಮಾಡಬೇಕು. ಹೇಗೂ ಕಾಲ್ ಮಾಡುವವರಿಗೆ ಬಲೆ ಯಾಕೆ?

ಪ್ರಶ್ನೆ: ಲಿಮಿಟ್ ಹೋಲ್ಡ್‌ಎಮ್ ಅನ್ನು ಕಂಪ್ಯೂಟರ್ ಪೂರ್ತಿ ಬಿಡಿಸಿದೆಯಂತೆ. ಅದನ್ನೇ ಬಾಯಿಪಾಠ ಮಾಡಬಾರದೇ? – ಮೈಸೂರಿನಿಂದ

ಉತ್ತರ: ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರ ಸೆಫಿಯಸ್ ಎಂಬ ಪ್ರೋಗ್ರಾಂ 2015ರಲ್ಲಿ ಬಿಡಿಸಿದ್ದು ಇಬ್ಬರೇ ಆಡುವ ಲಿಮಿಟ್ ಆಟವನ್ನು. ಆರು ಜನರ ಮೇಜಿಗೆ ಅದು ಅನ್ವಯಿಸದು.

ಪ್ರಶ್ನೆ: ಇಲ್ಲಿ ಫೋನ್‌ನಲ್ಲಿ ಸಣ್ಣ ಮೊತ್ತ ಇಟ್ಟು ಅಭ್ಯಾಸ ಮಾಡಬಹುದೇ? – ಹುಬ್ಬಳ್ಳಿಯಿಂದ

ಉತ್ತರ: ಬೇಡ. ಇಂಥ ಆಟಗಳನ್ನು ನಿಷೇಧಿಸಿದ್ದ ರಾಜ್ಯದ 2021ರ ಕಾನೂನು ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿದ್ದು ನಿಜ, ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ತಂದ ಕಾಯ್ದೆ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ದೇಶಕ್ಕೆಲ್ಲ ನಿಷೇಧಿಸಿದೆ. ಕೌಶಲದ ಆಟವೆಂಬ ವಾದಕ್ಕೂ ಅದರಲ್ಲಿ ವಿನಾಯಿತಿ ಇಲ್ಲ. ಅಭ್ಯಾಸಕ್ಕೆ ಒಂದು ಕಟ್ಟು ಇಸ್ಪೀಟೆಲೆ, ಒಂದು ಹಿಡಿ ಹುಣಸೆಬೀಜ ಸಾಕು. ಎರಡು ಎಂಟನ್ನು ಬದಿಗಿಟ್ಟು ಉಳಿದ 50 ಎಲೆ ಕಲಸಿ, ಐದು ಕೈ ಮುಚ್ಚಿ ಹಂಚಿ, ಫ್ಲಾಪ್ ಬಿಚ್ಚಿ. ಬೆಟ್ ಹೂಡುವ ಮೊದಲು ಪಾಟ್‌ನಲ್ಲಿರುವ ಬೀಜ ಎಣಿಸಿ, ನಿಮಗೆ ಸಿಗುತ್ತಿರುವ ದರವನ್ನು ಜೋರಾಗಿ ಹೇಳಿ. ಆಮೇಲೆ ಐದೂ ಕೈ ತೆರೆದು, ಫ್ಲಾಪ್‌ನಲ್ಲಿ ಎಕ್ಕ ಬಿದ್ದ ಸಲಗಳಲ್ಲೆಲ್ಲ ಯಾರ ಬಳಿ ಇನ್ನೊಂದು ಎಕ್ಕ ಇತ್ತೆಂದು ಗುರುತು ಹಾಕಿಕೊಳ್ಳಿ.