ಎರಡೂ ಆಡಿಗೆ ಕೋಡಿಲ್ಲ, ಮರಿ ಮಾತ್ರ ಹೆಣ್ಣೂ ಅಲ್ಲ ಗಂಡೂ ಅಲ್ಲ. ಯಾಕೆ?

ಭಾಲ್ಕಿ ಹತ್ತಿರ ಸಾನೆನ್ ತಳಿಯ ಜೋಡಿ ಸಾಕಿದ್ದೀರಿ, ಹೋತಕ್ಕೂ ಆಡಿಗೂ ಹುಟ್ಟಿನಿಂದಲೇ ಕೋಡಿಲ್ಲ ಎಂದಿದ್ದೀರಿ. ಕಾರಣ ಅಲ್ಲೇ ಇದೆ. ಮೇವಿನ ತಪ್ಪಲ್ಲ, ಯಾರ ಕಣ್ಣು ತಾಗಿದ್ದೂ ಅಲ್ಲ.

ಆಡಿನ 1ನೇ ಕ್ರೋಮೋಸೋಮಿನ (ವಂಶದ ಗುಣ ಹೊತ್ತ ಎಳೆ) ಒಂದು ತುಣುಕು ಕಳಚಿಹೋದರೆ ಕೋಡು ಮೂಡುವುದಿಲ್ಲ. ಫ್ರಾನ್ಸಿನ ವಿಜ್ಞಾನಿಗಳು 2001ರಲ್ಲಿ ಇದನ್ನು ಗುರುತಿಸಿದರು. ತುಣುಕು ಕಳಚಿದ ಈ ಕ್ರೋಮೋಸೋಮ್ ಅಪ್ಪ ಅಥವಾ ಅವ್ವ, ಒಬ್ಬರಿಂದ ಬಂದರೂ ಸಾಕು, ಮರಿ ಬೋಳು. ಇಬ್ಬರಿಂದಲೂ ಬಂದರೆ ತೊಂದರೆ: ಹೆಣ್ಣು ಭ್ರೂಣದಲ್ಲಿ ಆ ಜಾಗದ ಆಚೆಗಿರುವ ಫಾಕ್ಸ್‌ಎಲ್2 ಜೀನ್ ಕೆಲಸ ಮಾಡುವುದಿಲ್ಲ. ಅಂಡಾಶಯ ರೂಪಿಸಬೇಕಾದ ಜೀನೇ ಅದು. ಅದು ಸುಮ್ಮನಾದರೆ ಅಂಡಾಶಯದ ಜಾಗದಲ್ಲಿ ವೃಷಣ ಬೆಳೆಯುತ್ತದೆ. 2014ರಲ್ಲಿ ಪ್ರಯೋಗಾಲಯದಲ್ಲಿ ಈ ಒಂದೇ ಜೀನನ್ನು ಕೆಡಿಸಿದಾಗಲೂ ಹಾಗೇ ಆಯಿತು.

ಲೆಕ್ಕ ಸುಲಭ. ಹೋತ, ಆಡು ಎರಡರಲ್ಲೂ ಅಂಥ ಕ್ರೋಮೋಸೋಮಿನ ಒಂದೊಂದು ಪ್ರತಿ ಇದ್ದರೆ 4 ಮರಿಗಳಲ್ಲಿ 1ಕ್ಕೆ ಎರಡೂ ಪ್ರತಿ ಸಿಗುತ್ತದೆ. ಅವುಗಳಲ್ಲಿ ಅರ್ಧ ಹೆಣ್ಣು. ಅಂದರೆ ಸರಾಸರಿ 8ಕ್ಕೆ 1. ಇಂಥ ಮರಿ ಗಬ್ಬ ಕಟ್ಟುವುದಿಲ್ಲ, ಕಾಯಬೇಡಿ.

ಆಡಿಗೆ ಕೋಡಿರುವ ಹೋತ ಕೊಡಿಸಿ, ಅಷ್ಟೇ ಮದ್ದು. ಆಗಲೂ ಸುಮಾರು ಅರ್ಧ ಮರಿ ಬೋಳಾಗಿಯೇ ಹುಟ್ಟುತ್ತವೆ, ಆದರೆ ಯಾವುದಕ್ಕೂ ಎರಡು ಪ್ರತಿ ಹೋಗದು. ಎಳೆಯದಿದ್ದಾಗ ಕೋಡು ಸುಟ್ಟ ಹೋತವೂ ಇಲ್ಲಿ ಕೋಡಿನ ಹೋತವೇ. ತರುವಾಗ ಮಾರುವವನನ್ನು ಕೇಳಿಕೊಳ್ಳಿ.